ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್

ಮಾರ್ಚ್ 4

ಅಕ್ಕಾ,

ಕವರಿನ ಮೇಲಿನ ಕೋಳಿಕಾಲಿನ ಅಕ್ಷರ ನೋಡಿದ ಕೂಡಲೇ ಇದು ಯಾರ ಕಾಗದವೆಂದು ನಿಮಗೆ ಗೊತ್ತಾಗಿರುತ್ತದೆ. ಡೇರಿಯಲ್ಲಿ ನನ್ನ ಬರಹವನ್ನು ತಡವರಿಸದೆ ಓದುತ್ತಿದ್ದವರು ನೀವೊಬ್ಬರೇ. ಹರಿದು ಹಾಕುವುದಿದ್ದರೂ ಕೊನೆಯ ತನಕ ಓದಿ ಹರಿದುಹಾಕಿ. ಫೋನ್ ಮಾಡಬಹುದಿತ್ತು, ನೀವು ಅರ್ಧಕ್ಕೇ ಇಟ್ಟುಬಿಟ್ಟರೆ ಎಂಬ ಭಯಕ್ಕೆ ಪೆನ್ನು ಹಿಡಿದೆ.

ನಾನೀಗ ಒಂದು ಕಾಲೇಜಿನಲ್ಲಿದ್ದೇನೆ. ಇಲ್ಲಿನ ಕಂಪ್ಯೂಟರ್, ಕ್ಯಾಮೆರಾ, ತರಗತಿಯ ಸ್ಪೀಕರ್‌ಗಳು, ಎಲ್ಲದರ ನೆಟ್‌ವರ್ಕ್ ನನ್ನ ತಲೆಯ ಮೇಲಿದೆ. ಹೋದ ಸೋಮವಾರ ಪ್ರಿನ್ಸಿಪಾಲರು ತಮ್ಮ ಕೋಣೆಯಿಂದಲೇ ಮೈಕಿನಲ್ಲಿ ಶಿಸ್ತಿನ ಬಗ್ಗೆ ಭಾಷಣ ಶುರು ಮಾಡಿದರು. ಒಂದು ವಾಕ್ಯದ ನಡುವೆ ಎಲ್ಲ ಸ್ಪೀಕರ್‌ಗಳೂ ಒಟ್ಟಿಗೆ ಬಾಯಿ ಮುಚ್ಚಿಕೊಂಡವು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರಿಗೆ ಅದು ಗೊತ್ತೇ ಇಲ್ಲ. ಇನ್ನೂ ಕಾಲು ಗಂಟೆ ಮಾತಾಡಿ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು "ಹೇಗಿತ್ರೀ?" ಅಂದರು. ಜವಾನ "ಭಾರೀ ಚಪ್ಪಾಳೆ ಬಿತ್ತು ಸಾರ್" ಅಂದ. ಅವನು ಸುಳ್ಳೇನೂ ಹೇಳಲಿಲ್ಲ.

ನಾನೂ ನಕ್ಕೆ. ಮರುದಿನ ಗಡಿಯಾರ ಹಿಡಿದು ಅದೇ ಮೈಕಿನಲ್ಲಿ ಜವಾನನಿಂದ ಮಾತಾಡಿಸಿ ಅಳೆದೆ. ಮೂರು ಸಲ ಅಳೆದೆ. ಮೂರು ಸಲವೂ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ಸದ್ದು ನಿಂತಿತು. ಆಮೇಲೆ ನಗು ಬರಲಿಲ್ಲ.

ಆರು ವರ್ಷದ ಹಿಂದೆ, ಡೇರಿಯ ಹಾಲು ತಂಪು ಮಾಡುವ ಯಂತ್ರದಿಂದ ಅಮೋನಿಯಾ ಗ್ಯಾಸ್ ಸೋರಿದ ದಿನದ ವಿಚಾರಣಾ ವರದಿ ನಿಮಗೆ ಬಾಯಿಪಾಠವಿರಬೇಕು. ನನಗೂ ಇದೆ. "ಎಚ್ಚರಿಕೆ ಆರಂಭವಾದ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿನ ನಂತರ ಧ್ವನಿ ನಿಂತಿದೆ. ನಿರ್ವಾಹಕಿಯು ಗಾಬರಿಯಲ್ಲಿ ಮೈಕಿನ ಗುಂಡಿ ಬಿಟ್ಟಿರುವ ಸಂಭವವಿದೆ." ಎಲ್ಲರೂ ಪೂರ್ವದ ಬಯಲಿಗೆ ಹೋಗಿ ಎಂದು ನೀವು ಮೊದಲು ಹೇಳಿದ್ದು ಎಲ್ಲರಿಗೂ ಕೇಳಿಸಿತ್ತು. ಗಾಳಿ ತಿರುಗಿದ ಮೇಲೆ, ಪೂರ್ವಕ್ಕೆ ಬೇಡ, ಪಶ್ಚಿಮದ ಗೇಟಿಗೆ ಬನ್ನಿ ಎಂದು ಹೇಳಿದ್ದು ಯಾವ ಶೆಡ್ಡಿಗೂ ಕೇಳಿಸಲಿಲ್ಲ. ಹೇಳಿದೆ, ಹೇಳುತ್ತಲೇ ಇದ್ದೆ ಎಂದಿರಿ. ಯಾರೂ ನಂಬಲಿಲ್ಲ. ಪ್ಯಾಕಿಂಗ್ ಶೆಡ್ಡಿನ ಹದಿನಾಲ್ಕು ಜನ ಗ್ಯಾಸಿನೊಳಕ್ಕೇ ನಡೆದುಹೋದರು.

ಅಕ್ಕಾ, ನೀವು ಗುಂಡಿ ಬಿಟ್ಟಿರಲಿಲ್ಲ. ನಿಮ್ಮ ಮಾತು ನಡುದಾರಿಯಲ್ಲಿ ನಿಂತಿತು. ನಿಲ್ಲಿಸಿದ್ದು ನಾನು ಕೂರಿಸಿದ ಒಂದು ಪೆಟ್ಟಿಗೆ.

ಮಧ್ಯಾಹ್ನ ನಿಮ್ಮ ಪಕ್ಕದಲ್ಲೇ ಊಟದ ಡಬ್ಬಿ ಬಿಚ್ಚುತ್ತಿದ್ದ, ನೀವೆಲ್ಲ ಹೀಗೆ ಕರೆಯುತ್ತಿದ್ದ,
ತಂತಿ


ಮಾರ್ಚ್ 19

ಸ್ವಾಮೀ,

ನಿಮ್ಮ ಕಾಗದ ತಲುಪಿತು. ನಾನೀಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಎಡಗಣ್ಣು ಮುಚ್ಚಿ, ಮೂರನೇ ಸಾಲು ಓದಿ ಎಂದು ಹೇಳುವುದು ನನ್ನ ಕೆಲಸ. ಕಾಗದವನ್ನು ಇಬ್ಬರು ಗಿರಾಕಿಗಳ ನಡುವೆ ಓದಿದೆ. ಮೂರನೆಯವರಿಗೆ ಯಾರದೋ ಕನ್ನಡಕ ಕೊಟ್ಟು ಕಳಿಸಿಬಿಟ್ಟೆ. ಪಾಪ, ಗಾಜಿನ ಬಾಗಿಲಿಗೆ ಡಿಕ್ಕಿ ಹೊಡೆದು ವಾಪಸ್ ಬಂದರು.

ಮೊದಲನೇ ವರ್ಷ ಕೇಳಿದವರಿಗೆಲ್ಲ "ನಾನು ಗುಂಡಿ ಬಿಟ್ಟಿಲ್ಲ" ಎನ್ನುತ್ತಿದ್ದೆ. ಎರಡನೇ ವರ್ಷ "ಬಿಟ್ಟಿರಲಿಕ್ಕಿಲ್ಲ" ಎನ್ನತೊಡಗಿದೆ. ಆಮೇಲಾಮೇಲೆ, ಯಾರೂ ಕೇಳದಿದ್ದಾಗಲೂ, "ಬಿಟ್ಟೆನೇನೋ" ಎಂದುಕೊಳ್ಳುತ್ತಿದ್ದೆ. ನನ್ನ ಹೆಬ್ಬೆರಳನ್ನೇ ನಾನು ನಂಬದ ಹಾಗಾಯಿತು. ಇದು ನಿಮಗೆ ತಿಳಿದಿರಲಿ.

ನನಗೆ ಎರಡು ವಿಷಯ ಬೇಕು. ಒಂದು, ಅವತ್ತು ಏನಾಯಿತೆಂದು ಬಿಡಿಸಿ ಬರೆಯಿರಿ. ತಂತಿ, ಪೆಟ್ಟಿಗೆ ಅಂದರೆ ಏನೆಂದು ಗೊತ್ತಿಲ್ಲದ ಇನ್ನೊಬ್ಬರಿಗೆ ನಾನು ತಿರುಗಿ ಹೇಳುವಂತಿರಬೇಕು. ಎರಡು, ಇದು ನಿಮಗೆ ಆಗಲೇ ಗೊತ್ತಿತ್ತೇ?

ಹಿಂದೊಮ್ಮೆ ಕಂಟ್ರೋಲ್ ರೂಮಿನಲ್ಲಿ ಕೂರುತ್ತಿದ್ದವಳು


ಮಾರ್ಚ್ 27

ಅಕ್ಕಾ,

ಬೈಗುಳವಿಲ್ಲದ ಕಾಗದ ಬೈಗುಳಕ್ಕಿಂತ ಭಾರವಾಗಿತ್ತು. ನೀವು ನನ್ನನ್ನು "ನೀವು" ಎಂದದ್ದು ಇನ್ನೂ ಭಾರ. ಬಿಡಿ, ಕೇಳಿದ್ದನ್ನು ಹೇಳುತ್ತೇನೆ.

ಡೇರಿಯಲ್ಲಿ ಅರವತ್ತನಾಲ್ಕು ಸ್ಪೀಕರ್‌ಗಳಿದ್ದವು. ನೀವು ಆಡಿದ ಮಾತನ್ನು ಯಂತ್ರ ಸಣ್ಣ ಸಣ್ಣ ತುಣುಕು ಮಾಡಿ, ಒಂದೊಂದನ್ನೂ ಲಕೋಟೆಗೆ ಹಾಕಿದ ಹಾಗೆ ಹಾಕಿ, ತಂತಿಯಲ್ಲಿ ಕಳಿಸುತ್ತದೆ. ಅದನ್ನು ಅರವತ್ತನಾಲ್ಕು ಕಡೆಗೂ ಮುಟ್ಟಿಸುವುದು ಹೇಗೆ? ಪ್ರತಿ ಸ್ಪೀಕರಿನ ವಿಳಾಸ ಬರೆದು ಅದೇ ಮಾತನ್ನು ಅರವತ್ತನಾಲ್ಕು ಸಲ ಕಳಿಸಬಹುದು. ತಂತಿ ಏದುಸಿರು ಬಿಡುತ್ತದೆ. ಸಿಕ್ಕಿದವರಿಗೆಲ್ಲ ಹಂಚಿಬಿಡಬಹುದು; ಆಗ ತೂಕದ ಯಂತ್ರ, ಕ್ಯಾಮೆರಾ, ಆಫೀಸಿನ ಪ್ರಿಂಟರ್ ಎಲ್ಲಕ್ಕೂ ನಿಮ್ಮ ಮಾತು ನುಗ್ಗಿ ಅವುಗಳ ಕೆಲಸ ಕೆಡುತ್ತದೆ. ಇವೆರಡೂ ಬೇಡವೆಂದು ನಾವು ಹಾಕಿಸಿದ್ದು ಮಲ್ಟಿಕಾಸ್ಟ್ ಎಂಬ ಬೇರೆಯೇ ಕ್ರಮ.

ಅದರಲ್ಲಿ ಲಕೋಟೆಯ ಮೇಲೆ ಯಾರ ವಿಳಾಸವೂ ಇರುವುದಿಲ್ಲ, ಒಂದು ಗುಂಪಿನ ನಂಬರ್ ಮಾತ್ರ ಇರುತ್ತದೆ. ಆ ನಂಬರಿನಲ್ಲಿ ಯಾರೂ ವಾಸವಿಲ್ಲ. ಬೇಕಾದವರು "ಆ ನಂಬರಿಗೆ ಬಂದದ್ದು ನನಗೂ ಇರಲಿ" ಎಂದು ಹೆಸರು ಕೊಟ್ಟು ಸೇರಿಕೊಳ್ಳುತ್ತಾರೆ. ಮಾತಾಡುವವರಿಗೆ ಕೇಳುವವರು ಯಾರು, ಎಷ್ಟು ಜನ ಎಂಬುದು ಗೊತ್ತಿರುವುದಿಲ್ಲ. ಅವರು ಒಂದೇ ಸಲ ಹೇಳುತ್ತಾರೆ. ದಾರಿ ಕವಲೊಡೆಯುವ ಕಡೆ ಕೂತ ಪೆಟ್ಟಿಗೆಗಳು, ಯಾವ ಕವಲಿನಲ್ಲಿ ಹೆಸರು ಕೊಟ್ಟವರಿದ್ದಾರೋ ಆ ಕಡೆಗೆ ಮಾತ್ರ ಇನ್ನೊಂದು ಪ್ರತಿ ತೆಗೆದು ಕಳಿಸುತ್ತವೆ. ನೀವು ಗುಂಡಿ ಒತ್ತಿದೊಡನೆ ಸ್ಪೀಕರ್‌ಗಳಿಗೆ ಒಂದು ಸೂಚನೆ ಹೋಗುತ್ತಿತ್ತು, ಅವು ಹೆಸರು ಕೊಡುತ್ತಿದ್ದವು, ಮಾತು ಹರಿಯುತ್ತಿತ್ತು.

ಆದರೆ ಒಮ್ಮೆ ಹೆಸರು ಕೊಟ್ಟರೆ ಮುಗಿಯಲಿಲ್ಲ. ಸ್ಪೀಕರ್ ಕೆಟ್ಟಿರಬಹುದು, ಯಾರೋ ಕಿತ್ತು ಒಯ್ದಿರಬಹುದು. ಹಾಗಾಗಿ ಒಂದು ಪೆಟ್ಟಿಗೆ ಎರಡು ನಿಮಿಷ ಐದು ಸೆಕೆಂಡಿಗೊಮ್ಮೆ ಎಲ್ಲರನ್ನೂ ವಿಚಾರಿಸಬೇಕು: "ಇದ್ದೀರಾ?" ಸ್ಪೀಕರ್ "ಇದ್ದೀನಿ" ಎನ್ನಬೇಕು. ಒಂದು ಕವಲಿನಲ್ಲಿ ಒಬ್ಬರು ಹೇಳಿದರೂ ಸಾಕು, ಮಿಕ್ಕವರು ಸುಮ್ಮನಿರಬಹುದು. ಎರಡು ಸಲ ವಿಚಾರಿಸುವಷ್ಟು ಹೊತ್ತು ಕಾದು, ಮೇಲೆ ಹತ್ತು ಸೆಕೆಂಡ್ ರಿಯಾಯಿತಿ ಕೊಟ್ಟರೂ ಉತ್ತರ ಬರದಿದ್ದರೆ, ಆ ಕಡೆ ಯಾರೂ ಇಲ್ಲವೆಂದು ತೀರ್ಮಾನಿಸಿ ಮಾತು ಕಳಿಸುವುದನ್ನು ನಿಲ್ಲಿಸುತ್ತದೆ. ಕೂಡಿ ನೋಡಿ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್.

ಡೇರಿಯಲ್ಲಿ ವಿಚಾರಿಸುವ ಕೆಲಸ ಮಾಡುತ್ತಿದ್ದದ್ದು ಒಂದು ಹಳೆಯ ರೂಟರ್. ಅದರ ಫ್ಯಾನು ಕರಕರ ಎನ್ನುತ್ತಿತ್ತು. ಅದನ್ನು ಬಿಚ್ಚಿ ಹೊಸ ಪೆಟ್ಟಿಗೆ ಕೂರಿಸಿದೆ. ಹೊಸದು, ಈ ಕಾಲೇಜಿನಲ್ಲಿರುವುದರ ಹಾಗೆಯೇ, ಯಾರಾದರೂ "ಇದ್ದೀನಿ" ಎಂದರೆ ಕೇಳಿಸಿಕೊಂಡು ಬರೆದಿಟ್ಟುಕೊಳ್ಳುತ್ತದೆ. ತಾನಾಗಿ "ಇದ್ದೀರಾ" ಎನ್ನುವುದಿಲ್ಲ. ಹಾಗೆ ಮಾಡು ಎಂದು ನಾವೇ ಅದಕ್ಕೆ ಹೇಳಿಡಬೇಕು. ನಾನು ಹೇಳಿಡಲಿಲ್ಲ. ಅದು ವಿಚಾರಿಸಲಿಲ್ಲ, ಸ್ಪೀಕರ್‌ಗಳು ಉತ್ತರಿಸಲಿಲ್ಲ, ಗಡುವು ಮುಗಿದೊಡನೆ ಯಾರೂ ಇಲ್ಲವೆಂದು ಮಾತು ನಿಲ್ಲಿಸಿತು. ಸೋಮವಾರದ ಪರೀಕ್ಷೆಯಲ್ಲಿ ನೀವು ಒಂದು ನಿಮಿಷ ಮಾತಾಡುತ್ತಿದ್ದಿರಿ. ಒಂದು ನಿಮಿಷದಲ್ಲಿ ಏನೂ ಕೆಡುವುದಿಲ್ಲ. ಹಾಗಾಗಿ ಹೊಸ ಪೆಟ್ಟಿಗೆ ಕೂರಿಸಿದ ಮೇಲಿನ ಸೋಮವಾರವೂ ಎಂದಿನಂತೆ "ಸರಿಯಿದೆ" ಎಂದು ಗುರುತು ಹಾಕಿದೆ.

ಅರ್ಥವಾಗದ್ದು ಇದ್ದರೆ ಬರೆಯಿರಿ, ಇನ್ನೊಂದು ಸಲ ಹೇಳುತ್ತೇನೆ.

ತಂತಿ


ಏಪ್ರಿಲ್ 15

ಸ್ವಾಮೀ,

ಅರ್ಥವಾಯಿತು. ಅಂಗಡಿಯ ಯಜಮಾನರ ಹೆಂಡತಿಗೆ ಹೇಳಿ ನೋಡಿದೆ, ಅವರಿಗೂ ಅರ್ಥವಾಯಿತು. "ಅಂದ್ರೆ ಕೇಳೋರು ಇದ್ರೂ, ಇದ್ದೀರಾ ಅಂತ ಕೇಳೋರು ಇರ್ಲಿಲ್ಲ" ಅಂದರು. ನಮ್ಮ ಮಾತಿನಲ್ಲಿ ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ನಿಮ್ಮ ಪೆಟ್ಟಿಗೆ ಎರಡರಲ್ಲಿ ಒಂದನ್ನು ಮಾತ್ರ ಕಲಿತಿತ್ತು.

ಒಂದು ಉಳಿಯಿತು. ವಿಚಾರಣೆಯಲ್ಲಿ ಪಶ್ಚಿಮದ ಗೇಟಿನ ಕಾವಲುಗಾರರೊಬ್ಬರು "ಆಯಮ್ಮ ಕೊನೇತನಕ ಕೂಗ್ತಾನೇ ಇದ್ರು, ನಮ್ಮ ಗೇಟಲ್ಲಿ ಕೇಳಿಸ್ತಿತ್ತು" ಎಂದಿದ್ದರು. ಹಗಲಲ್ಲೇ ತೂಕಡಿಸುವ ಮನುಷ್ಯ ಎಂದು ಎಲ್ಲರೂ ನಕ್ಕಿದ್ದರು. ಅವರಿಗೆ ಹೇಗೆ ಕೇಳಿಸಿತು?

ಇನ್ನು, ನಾನು ತಿರುಗಿ ಹೇಳಬೇಕಾದ ಆ ಇನ್ನೊಬ್ಬರು ಯಾರೆಂದು ನಿಮಗೆ ಗೊತ್ತೇ ಇದೆ. ನನ್ನ ತಮ್ಮ. ಪ್ಯಾಕಿಂಗ್ ಶೆಡ್ಡಿನಲ್ಲಿ ಹಾಲಿನ ಕ್ರೇಟುಗಳ ಗಾಡಿ ಓಡಿಸುತ್ತಿದ್ದನಲ್ಲ, ಅವತ್ತು ಹದಿನಾಲ್ಕು ಜನರಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಅವನು. ಮಿಕ್ಕವರು ವಾರದಲ್ಲಿ ಮನೆಗೆ ಹೋದರು, ಇವನು ಮೂರು ತಿಂಗಳು ಆಸ್ಪತ್ರೆಯಲ್ಲಿದ್ದ. ಗಂಟಲು ಸುಟ್ಟುಹೋಗಿ ಈಗ ಪಿಸುಮಾತು ಮಾತ್ರ ಬರುತ್ತದಂತೆ. "ಅಂತೆ" ಎಂದು ಬರೆದೆ, ನೋಡಿ. ಡೇರಿಯ ಉಗ್ರಾಣದಲ್ಲಿ ಕೈಗವಸು, ಬೂಟು ಕೊಡುವ ಕೆಲಸದಲ್ಲಿದ್ದಾನೆ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾನೆ. ಆರು ವರ್ಷದಿಂದ ನನ್ನ ಹೊಸಿಲು ತುಳಿದಿಲ್ಲ. ನಾನು ಎದುರಿಗೆ ಬಂದರೆ ಬೀದಿ ದಾಟಿ ಆ ಕಡೆ ಹೋಗುತ್ತಾನೆ. ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಅವನ ಬಾಯಿ ಹೋಯಿತು ಎಂದು ಅವನು ಅಂದುಕೊಂಡಿದ್ದರೆ ಅವನನ್ನು ತಪ್ಪೆನ್ನಲು ನನಗೆ ಬಾಯಿಲ್ಲ.

ಎರಡನೆಯ ಪ್ರಶ್ನೆಗೆ ನೀವು ಉತ್ತರ ಬರೆದಿಲ್ಲ. ಮರೆತಿರಿ ಎಂದು ನಾನು ಭಾವಿಸುವುದಿಲ್ಲ.

ಅದೇ ಹೆಂಗಸು


ಏಪ್ರಿಲ್ 22

ಅಕ್ಕಾ,

ಗೇಟಿನದು ಸುಲಭ, ಅದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮೈಕೂ ಪಶ್ಚಿಮದ ಗೇಟಿನ ಸ್ಪೀಕರೂ ಕಂಟ್ರೋಲ್ ರೂಮಿನ ಕಪಾಟಿನ ಹಿಂದಿದ್ದ ಒಂದೇ ಸಣ್ಣ ಪೆಟ್ಟಿಗೆಗೆ ಸೇರಿದ್ದವು. ಅದು ತೀರ ಹಳೆಯದು, ಯಾರಿಗೆ ಬೇಕು, ಬೇಡ ಎಂದು ನೋಡುವ ಬುದ್ಧಿಯೇ ಅದಕ್ಕಿಲ್ಲ. ಬಂದದ್ದನ್ನೆಲ್ಲ ಎಲ್ಲ ತಂತಿಗೂ ತಳ್ಳುತ್ತದೆ. ಶೆಡ್ಡುಗಳ ಕಡೆ ಹೋಗುವ ದಾರಿಯಲ್ಲಿ ಮಾತ್ರ ನನ್ನ ಹೊಸ ಪೆಟ್ಟಿಗೆ ಕೂತಿತ್ತು. ಕಾವಲುಗಾರರು ತೂಕಡಿಸಿರಲಿಲ್ಲ. ಎಚ್ಚರವಾಗಿದ್ದು, ನಿಜ ಹೇಳಿದವರು ಅವರೊಬ್ಬರೇ.

ಈಗ ಎರಡನೆಯದು.

ಕಾರಣ ನನಗೆ ಗೊತ್ತಿರಲಿಲ್ಲ. ಅನುಮಾನ ಇತ್ತು. ವಿಚಾರಣೆಯ ದಿನ ಸಾಹೇಬರು ನನ್ನನ್ನು ಕೇಳಿದರು, "ಕಳೆದ ಒಂದು ತಿಂಗಳಲ್ಲಿ ಈ ವ್ಯವಸ್ಥೆಯಲ್ಲಿ ಏನಾದ್ರೂ ಬದಲಾವಣೆ ಮಾಡಿದ್ರಾ?" ಗ್ಯಾಸ್ ಸೋರಿದ ದಿನಕ್ಕೆ ಹಳೆಯ ರೂಟರ್ ಬಿಚ್ಚಿ ಒಂಬತ್ತೇ ದಿನವಾಗಿತ್ತು. ಕೆಲಸದ ದಾಖಲೆ ಪುಸ್ತಕದಲ್ಲಿ ಬರೆದಿರಲಿಲ್ಲ. ಆ ರೂಟರಿಗೂ ಸ್ಪೀಕರಿಗೂ ಸಂಬಂಧವಿಲ್ಲ, ಸುಮ್ಮನೆ ಹೇಳಿ ತಲೆನೋವು ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. "ಇಲ್ಲ ಸಾರ್" ಅಂದೆ. ನೀವು ಎದುರಿನ ಬೆಂಚಿನಲ್ಲಿ ಕೂತಿದ್ದಿರಿ. ಅಷ್ಟು ಹೊತ್ತು ನೆಲ ನೋಡುತ್ತಿದ್ದವರು ಆಗ ತಲೆಯೆತ್ತಿ ನನ್ನನ್ನು ನೋಡಿದಿರಿ. ನಾನು ನನ್ನ ಬೂಟಿನ ದಾರ ಕಟ್ಟಿಕೊಂಡೆ. ಅದು ಬಿಚ್ಚಿರಲಿಲ್ಲ.

ಹೆದರಿದ್ದೆ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಇದರ ಜೊತೆ ಒಂದು ಹೇಳಿಕೆ ಬರೆದು ಸಹಿ ಮಾಡಿ ಇಟ್ಟಿದ್ದೇನೆ. ಡೇರಿಗೂ ಸುರಕ್ಷತಾ ಇಲಾಖೆಗೂ ಕಳಿಸಬೇಕೆಂದಿದ್ದೇನೆ. ನೀವು ಓದಿ, ಕಳಿಸು ಎಂದರೆ ಕಳಿಸುತ್ತೇನೆ.

ತಂತಿ


ಜೂನ್ 2

ತಂತೀ,

ನಲವತ್ತು ದಿನ ಉತ್ತರ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದೆ. ನಿನ್ನನ್ನು ಬೈಯಬೇಕು, ಆದರೆ "ನೀವು" ಎಂದುಕೊಂಡು ಬೈಯಲು ನನಗೆ ಬರುವುದಿಲ್ಲ. ಅದಕ್ಕೇ "ನೀನು".

ನಿನ್ನ ಒಂದು "ಇಲ್ಲ ಸಾರ್" ನನ್ನ ಆರು ವರ್ಷವನ್ನು ತಿಂದಿತು ಕಣೋ. ನೀನು ಬೂಟಿನ ದಾರ ಕಟ್ಟಿಕೊಂಡದ್ದು ನನಗೆ ನೆನಪಿದೆ. ನನಗೋಸ್ಕರ ಸಂಕಟಪಟ್ಟು ಮುಖ ತಗ್ಗಿಸಿದ್ದಾನೆ, ಪಾಪ, ಎಂದುಕೊಂಡಿದ್ದೆ. ನನ್ನ ಕೆಲಸ ಹೋದ ದಿನ ನಿನ್ನನ್ನು ಹುಡುಕಿಕೊಂಡು ಬಂದು "ನೀನು ಬೇಜಾರು ಮಾಡ್ಕೋಬೇಡ" ಎಂದು ನಾನೇ ಸಮಾಧಾನ ಹೇಳಿದ್ದೆ. ಅದನ್ನು ನೆನೆದಾಗೆಲ್ಲ ನನಗೇ ನಾಲ್ಕು ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಕಳಿಸಲೇ ಎಂದು ನನ್ನನ್ನು ಕೇಳಬೇಡ. ನಿಜ ಹೇಳಲು ನನ್ನ ಅಪ್ಪಣೆ ಯಾಕೆ? ಈ ಭಾರವನ್ನೂ ನನ್ನ ತಲೆಗೇ ಕಟ್ಟಬೇಡ.

ಮೈಕಕ್ಕ


ಜುಲೈ 11

ಅಕ್ಕಾ,

ನಿಮ್ಮ ಕಾಗದ ಬಂದ ಮರುದಿನ ಬೆಳಿಗ್ಗೆಯೇ ಎರಡು ಕಡೆಗೂ ಕಳಿಸಿದೆ. ಆಮೇಲೆ ಪ್ರಿನ್ಸಿಪಾಲರಿಗೆ ಹೇಳಿದೆ, ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಪಾತ್ರೆ ಒರೆಸುವುದನ್ನು ನಿಲ್ಲಿಸಿ, "ಅಂದ್ರೆ ನಮ್ಮ ಮದುವೆಗೆ ಬಂದು ಹರಸಿ ಹೋದ್ರಲ್ಲ, ಆ ಅಕ್ಕನಿಗೇ?" ಎಂದು ಕೇಳಿದಳು. ಹೌದು ಎಂದೆ. ಎರಡು ದಿನ ನನಗೆ ಊಟದ ಡಬ್ಬಿ ಕಟ್ಟಿಕೊಡಲಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಇದೆ. ಡೇರಿಯ ಹೊಸ ಮ್ಯಾನೇಜರಮ್ಮ ನನಗೆ ಫೋನ್ ಮಾಡಿದ್ದರು. "ನಿಮ್ಮ ಹೇಳಿಕೆ ಓದಿದೆ. ಆ ಪೆಟ್ಟಿಗೆ ಈಗ್ಲೂ ಅಲ್ಲೇ ಇದೆಯಲ್ರೀ" ಎಂದರು. ಪರೀಕ್ಷೆ? "ಪ್ರತಿ ಸೋಮವಾರ ಮಾಡ್ತೀವಿ. ಒಂದು ನಿಮಿಷ." ಅಲ್ಲಿ ಮುನ್ನೂರು ಜನ ಕೆಲಸ ಮಾಡುತ್ತಾರೆ. ಇನ್ನೊಂದು ಸಲ ಗ್ಯಾಸ್ ಸೋರಿದ್ದರೆ ಮತ್ತೆ ಅದೇ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್. ಸರಿ ಮಾಡಲು ಒಂದು ಸಾಲಿನ ಆದೇಶ ಸಾಕು. ಅಷ್ಟರ ತನಕ ಹತ್ತಿಪ್ಪತ್ತು ಜನರನ್ನು ಬಾಯಿಮಾತಿನ ಎಚ್ಚರಿಕೆಗೆ ನಿಲ್ಲಿಸಿಕೊಳ್ಳಿ ಎಂದೆ. ಅದೇ ಗಳಿಗೆಯಲ್ಲಿ ನಿಲ್ಲಿಸಿದರಂತೆ.

ಆದರೆ ಇಲಾಖೆಯವರು, ಸರಿ ಮಾಡುವ ಮುಂಚೆ ತಪ್ಪನ್ನು ಕಣ್ಣಾರೆ ನೋಡಬೇಕು ಎನ್ನುತ್ತಾರೆ. ಆಗಲೇ ಹಳೆಯ ವರದಿ ತಿದ್ದಲು ಬರುತ್ತದಂತೆ. ಆಗಸ್ಟ್ ಐದರ ಬೆಳಿಗ್ಗೆ ಹತ್ತಕ್ಕೆ. ಯಾರಾದರೂ ಆರು ನಿಮಿಷ ಎಡೆಬಿಡದೆ ಮೈಕಿನಲ್ಲಿ ಮಾತಾಡಬೇಕು. ಯಾರು ಎಂದು ಮ್ಯಾನೇಜರಮ್ಮ ಕೇಳಿದರು. ನಿಮ್ಮನ್ನು ಬಿಟ್ಟು ಬೇರೆಯವರು ಅಲ್ಲಿ ಕೂರುವುದು ಸರಿಯಲ್ಲ ಎಂದೆ. ಬರುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕೆಳಗೆ ಯಂತ್ರದ ಕೋಣೆಯಲ್ಲಿರುತ್ತೇನೆ, ನಿಮ್ಮ ಎದುರಿಗೆ ಬರುವುದಿಲ್ಲ.

ತಂತಿ


ಆಗಸ್ಟ್ 9

ತಂತೀ,

ನೀನು ಹೇಳಿದಂತೆ ಎದುರಿಗೆ ಬರಲಿಲ್ಲ. ಮಾತು ಉಳಿಸಿಕೊಂಡೆ, ಸಂತೋಷ. ಹಾಗಾಗಿ ಮೇಲೆ ನಡೆದದ್ದನ್ನು ನಾನೇ ಬರೆಯಬೇಕಾಗಿದೆ.

ಕಂಟ್ರೋಲ್ ರೂಮಿಗೆ ಬಣ್ಣ ಬಳಿದಿದ್ದಾರೆ, ಕುರ್ಚಿ ಹೊಸದು, ಮೈಕು ಮಾತ್ರ ಅದೇ. ಗುಂಡಿಯ ಪಕ್ಕದ ಕೆಂಪು ದೀಪ ಅದೇ. ಇಲಾಖೆಯ ಸಾಹೇಬರು ನನ್ನ ಹಿಂದೆ ಗಡಿಯಾರ ಹಿಡಿದು ನಿಂತರು. ಮ್ಯಾನೇಜರಮ್ಮ ಪ್ಯಾಕಿಂಗ್ ಶೆಡ್ಡಿನಲ್ಲಿ ಸ್ಪೀಕರಿನ ಕೆಳಗೆ ಫೋನ್ ಹಿಡಿದು ನಿಂತರು. ಹೆಬ್ಬೆರಳಿಂದ ಒತ್ತಿದೆ, ಅದರ ಮೇಲೆ ಇನ್ನೊಂದು ಹೆಬ್ಬೆರಳೂ ಇಟ್ಟೆ. ದೀಪ ಹತ್ತಿತು. ಮಾತಾಡಲು ಏನಿದೆ? ಶೆಡ್ಡುಗಳ ಹೆಸರು, ಬಾಗಿಲುಗಳ ನಂಬರು ಓದುತ್ತ ಹೋದೆ. ಇನ್ನೂ ಓದುತ್ತಿರುವಾಗಲೇ ಸಾಹೇಬರ ಫೋನ್ ಗುಂಯ್‌ಗುಟ್ಟಿತು. ಶೆಡ್ಡಿನಲ್ಲಿ ಸದ್ದು ನಿಂತಿತಂತೆ. ಅವರು ಗಡಿಯಾರ ನೋಡಿದರು, ನನ್ನ ಬೆರಳು ನೋಡಿದರು, ಉರಿಯುತ್ತಿದ್ದ ದೀಪ ನೋಡಿದರು. ತಲೆಯ ಮೇಲಿನ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಮುಂದುವರಿಸಿ ಎಂದು ಸನ್ನೆ ಮಾಡಿ, ತಾವೇ ನೋಡಲು ಶೆಡ್ಡಿನ ಕಡೆ ಹೊರಟರು.

ಕೋಣೆಯಲ್ಲಿ ನಾನೊಬ್ಬಳೇ ಉಳಿದೆ. ಓದಲು ಇದ್ದದ್ದೂ ಮುಗಿದಿತ್ತು. ಇನ್ನು ಯಾರಿಗೂ ಕೇಳಿಸುವುದಿಲ್ಲವಲ್ಲ ಎಂದು, ಏನು ಅನ್ನಿಸಿತೋ, ತಮ್ಮನ ಜೊತೆ ಮಾತಾಡಲು ಶುರು ಮಾಡಿದೆ.

"ತಮ್ಮಾ, ಅವತ್ತು ನಾನು ಸುಮ್ನಾಗ್ಲಿಲ್ಲ ಕಣೋ. ಪೂರ್ವಕ್ಕೆ ಹೋಗ್ಬೇಡಿ ಅಂತ ಹನ್ನೊಂದು ಸಲ ಹೇಳ್ದೆ. ಎಲ್ಲರಿಗೂ ಅಂತ ಹೇಳಿದ್ದಲ್ಲ, ನಿನಗೆ ಹೇಳಿದ್ದು. ಮಿಕ್ಕ ಹದಿಮೂರು ಜನ ನನಗೆ ನೆನಪೇ ಆಗ್ಲಿಲ್ಲ, ಅದಕ್ಕೂ ನಾಚಿಕೆ ಇದೆ ನನಗೆ. ನಿನ್ನ ಸೈಕಲ್ ಇನ್ನೂ ಮೆಟ್ಟಿಲ ಕೆಳಗೇ ಇದೆ. ತಿಂಗಳಿಗೊಂದ್ಸಲ ಗಾಳಿ ಹೊಡೆಸ್ತೀನಿ. ಬಂದು ತಗೊಂಡೋಗು. ಬೈಯೋದಿದ್ರೆ ಬೈದು ತಗೊಂಡೋಗು."

ಗೇಟಿನ ಸ್ಪೀಕರನ್ನು ಮರೆತೇಬಿಟ್ಟಿದ್ದೆ ನೋಡು!

ಪ್ಯಾಕಿಂಗ್ ಶೆಡ್ಡಿಗೆ ಕಾಲಿಡಲು ತಮ್ಮನಿಗೆ ಇನ್ನೂ ಆಗುವುದಿಲ್ಲವಂತೆ. ಉಗ್ರಾಣದಿಂದ ಬಂದವನು ಕಾವಲುಗಾರರ ಪಕ್ಕ ಗೇಟಿನಲ್ಲಿ ನಿಂತಿದ್ದಾನೆ. ಆರು ನಿಮಿಷ ಮುಗಿದು ಗುಂಡಿ ಬಿಟ್ಟು ತಿರುಗಿದರೆ ಬಾಗಿಲಲ್ಲಿ ಅವನು. ಮೂರು ಮಹಡಿ ಹತ್ತಿ ಬಂದು ಉಸಿರು ಸಿಗುತ್ತಿಲ್ಲ. ನಾನೇ ಎದ್ದು ಹತ್ತಿರ ಹೋದೆ. ಅವನು ಮಾತಾಡುವುದು ಕೇಳಬೇಕಾದರೆ ಕಿವಿಯನ್ನು ಬಾಯಿಯ ಹತ್ತಿರ ಒಯ್ಯಬೇಕು.

"ಪೂರಾ ಕೇಳಿಸ್ತು" ಅಂದ. ಆಮೇಲೆ ಅಂದ, "ಕೋಪಕ್ಕೆ ಬರ್ಲಿಲ್ಲ ಅಂದ್ಕೊಂಡ್ಯಾ ಅಕ್ಕ? ಆಸ್ಪತ್ರೇಲಿ ಬಂದು ಕೇಳಿದ್ರು, ಸದ್ದು ನಿಂತಿತಾ ಅಂತ. ಬಾಯಲ್ಲಿ ನಳಿಗೆ ಇತ್ತು. ಹೌದು ಅಂತ ತಲೆ ಆಡಿಸ್ದೆ. ನಿಂತಿದ್ದು ನಿಜ ತಾನೇ? ಅಷ್ಟಕ್ಕೇ ನಿನ್ನ ಕೆಲಸ ತೆಗೆದ್ರು. ಯಾವ ಮುಖ ಇಟ್ಕೊಂಡು ನಿನ್ನ ಮನೆಗೆ ಬರ್ಲಿ?"

ಆರು ವರ್ಷ, ತಂತಿ. ನಾನು ಅವನಿಗೆ ಹೆದರಿ, ಅವನು ನನಗೆ ಹೆದರಿ, ಎರಡು ಬೀದಿಯ ಅಂತರದಲ್ಲಿ.

ನಾನು ಏನು ಹೇಳಿದೆನೋ ನೆನಪಿಲ್ಲ. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತೆವು. ಸಾಹೇಬರು ಎರಡು ಸಲ ಬಂದು ನೋಡಿ, ಕೆಮ್ಮಿ, ವಾಪಸ್ ಹೋದರು.

ಅಕ್ಕ


ಸೆಪ್ಟೆಂಬರ್ 20

ಅಕ್ಕಾ,

ನಿಮ್ಮ ಕಾಗದವನ್ನು ಹೆಂಡತಿಗೆ ಓದಿ ಹೇಳಲು ಹೋಗಿ ಸೈಕಲ್ಲಿನ ಸಾಲು ಬಂದಾಗ ನಿಲ್ಲಿಸಿಬಿಟ್ಟೆ. ಮಿಕ್ಕದ್ದನ್ನು ಅವಳೇ ಓದಿಕೊಂಡಳು.

ಅವತ್ತು ನಾನು ನಿಮ್ಮಿಬ್ಬರನ್ನೂ ನೋಡಿದೆ. ಕೆಲಸ ಮುಗಿಸಿ ಯಂತ್ರದ ಕೋಣೆಯಿಂದ ಹೊರಬಂದು ತಲೆಯೆತ್ತಿ ನೋಡಿದಾಗ ನೀವು ಮೆಟ್ಟಿಲ ಮೇಲೆ ಕೂತಿದ್ದಿರಿ. ಹಿಂದಿನ ಬಾಗಿಲಿನಿಂದ ಹೊರಟುಹೋದೆ. ಅದಕ್ಕೂ ಮುಂಚೆ ಆ ಪೆಟ್ಟಿಗೆಗೆ ಹೇಳಬೇಕಾದದ್ದನ್ನು ಹೇಳಿದೆ. ಈಗ ಅದು ಎರಡು ನಿಮಿಷ ಐದು ಸೆಕೆಂಡಿಗೊಮ್ಮೆ ವಿಚಾರಿಸುತ್ತದೆ. ಸೋಮವಾರದ ಪರೀಕ್ಷೆಯನ್ನು ಹತ್ತು ನಿಮಿಷ ಮಾಡಿದ್ದಾರೆ. ಏನು ಮಾತಾಡುವುದು ಎಂದು ಕಂಟ್ರೋಲ್ ರೂಮಿನವರು ಗೋಳಾಡುತ್ತಿದ್ದಾರಂತೆ.

ಇಲಾಖೆಯ ಆದೇಶ ಬಂತು. ಎರಡು ವರ್ಷ ನಾನು ಯಾವುದೇ ಎಚ್ಚರಿಕೆ ವ್ಯವಸ್ಥೆಯನ್ನು ಮುಟ್ಟುವಂತಿಲ್ಲ. ಕಾಲೇಜಿನವರು ನನ್ನನ್ನು ಪ್ರಯೋಗಾಲಯಕ್ಕೆ ಹಾಕಿದ್ದಾರೆ. ನ್ಯಾಯವಾಗಿದೆ. ನಿಮಗೂ ಹೊಸ ವರದಿಯ ಪ್ರತಿ ಬಂದಿರಬೇಕು. "ನಿರ್ವಾಹಕಿಯು ಕೊನೆಯವರೆಗೂ ಎಚ್ಚರಿಕೆ ನೀಡಿದ್ದಾರೆ. ಅವರಿಂದ ಯಾವ ಲೋಪವೂ ಆಗಿಲ್ಲ." ಈ ವಾಕ್ಯವನ್ನು ನಾನೇ ಆರು ವರ್ಷದ ಹಿಂದೆ ಹೇಳಬಹುದಿತ್ತು.

ನೀವು ಮತ್ತೆ "ಅಕ್ಕ" ಎಂದು ಸಹಿ ಮಾಡಿದ್ದೀರಿ. ಅದು ಮರೆತು ಮಾಡಿದ್ದೋ, ಬೇಕೆಂದೇ ಮಾಡಿದ್ದೋ ಎಂದು ದಿನಾ ತೆಗೆದು ನೋಡುತ್ತೇನೆ. ಕ್ಷಮೆ ಕೇಳುವ ಮಾತನ್ನು ಇಷ್ಟು ಕಾಗದಗಳಲ್ಲಿ ಒಂದು ಸಲವೂ ಬರೆದಿಲ್ಲ. ಬರೆಯುವ ಯೋಗ್ಯತೆ ಇಲ್ಲವೆಂದು ಬರೆಯಲಿಲ್ಲ. ಈಗ ಕೇಳುತ್ತಿದ್ದೇನೆ. ಕ್ಷಮಿಸುತ್ತೀರಾ?

ತಂತಿ


ನವೆಂಬರ್ 3

ತಂತೀ,

ವರದಿ ಬಂತು. ಮ್ಯಾನೇಜರಮ್ಮ ಮನೆಗೇ ತಂದುಕೊಟ್ಟರು. ವಾಪಸ್ ಕೆಲಸಕ್ಕೆ ಬನ್ನಿ ಎಂದರು. ಆಗುವುದಿಲ್ಲ ಎಂದೆ. ಕೋಪಕ್ಕಲ್ಲ, ಕನ್ನಡಕದ ಅಂಗಡಿಯಲ್ಲಿ ಜನ ಬಂದಾಗ ಮಂಜಾಗಿದ್ದ ಮುಖ, ಹೋಗುವಾಗ ತಿಳಿಯಾಗಿರುತ್ತದೆ. ಅದು ನನಗೆ ಒಗ್ಗಿಹೋಗಿದೆ. ಆದರೆ ಹೊಸಬರಿಗೆ ಮೈಕಿನ ಮುಂದೆ ಕೂರುವುದನ್ನು ಕಲಿಸಲು ತಿಂಗಳಿಗೆ ಎರಡು ದಿನ ಹೋಗುತ್ತಿದ್ದೇನೆ. ಗೇಟಿನಲ್ಲಿ ಕಾವಲುಗಾರರು ನನ್ನನ್ನು ಕಂಡೊಡನೆ ಎದ್ದು ನಿಂತು, "ನಾನು ಆಗ್ಲೇ ಹೇಳ್ಲಿಲ್ವಾ?" ಎನ್ನುತ್ತಾರೆ. ಪ್ರತಿ ಸಲವೂ ಎನ್ನುತ್ತಾರೆ. ಪ್ರತಿ ಸಲವೂ ಹೌದು ಎನ್ನುತ್ತೇನೆ.

ತಮ್ಮ ದಿನಾ ಸಂಜೆ ಬರುತ್ತಾನೆ. ಮಾತು ಹೆಚ್ಚಾಡಿದರೆ ಗಂಟಲು ಉರಿಯುತ್ತದೆ, ಹಾಗಾಗಿ ನಾನೇ ಆಡುತ್ತೇನೆ. ಮೊನ್ನೆ ನಿನ್ನ ಕಾಗದಗಳನ್ನೆಲ್ಲ ಅವನ ಮುಂದಿಟ್ಟೆ. ಒಂದೊಂದನ್ನೂ ಎರಡೆರಡು ಸಲ ಓದಿದ. ಕೊನೆಗೆ ನನ್ನನ್ನು ಹತ್ತಿರ ಕರೆದು ಅಂದ, "ಅವನನ್ನ ಕರೆಸು. ಮೊದಲು ಎರಡು ಹಾಕ್ಬೇಕು. ಆಮೇಲೆ ಊಟಕ್ಕೆ ಕೂರಿಸ್ಬೇಕು." ನಾನು ನಕ್ಕೆ. ಅವನು ನಗಲಿಲ್ಲ. ಎರಡೂ ಮಾಡುವವನ ಹಾಗೆ ಕಾಣುತ್ತಾನೆ.

ನೀನು ಕೇಳಿದ್ದಕ್ಕೆ ಉತ್ತರ. ಕ್ಷಮಿಸಿದ್ದೇನೆ ಎಂದು ಬರೆದು ನೋಡಿದೆ, ಸುಳ್ಳೆನಿಸಿತು. ಕ್ಷಮಿಸಿಲ್ಲ ಎಂದು ಬರೆದೆ, ಅದೂ ಸುಳ್ಳೆನಿಸಿತು. ಕೆಲವು ಬೆಳಿಗ್ಗೆ ನಿನ್ನ ಮೇಲೆ ಉರಿದು ಬೀಳುವಷ್ಟು ಸಿಟ್ಟು ಇರುತ್ತದೆ. ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬಳೇ ಡಬ್ಬಿ ಬಿಚ್ಚುವಾಗ ನೀನಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಇದನ್ನು ಕಾಗದದಲ್ಲಿ ತೀರ್ಮಾನ ಮಾಡಲು ನನ್ನಿಂದ ಆಗದು. ಮುಖ ನೋಡಬೇಕು.

ಭಾನುವಾರ ಬಾ. ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ. ಆ ಕಡೆಯಿಂದ ಬರುವ ಬಸ್ಸು ಹನ್ನೊಂದಕ್ಕೆ ನಿಲ್ದಾಣಕ್ಕೆ ಬರುತ್ತದೆ. ತಮ್ಮ ಅಲ್ಲಿರುತ್ತಾನೆ. ಜನ ಜಾಸ್ತಿ ಇರುತ್ತಾರೆ, ಗದ್ದಲ ಇರುತ್ತದೆ. ಅವನು ನಿನ್ನನ್ನು ಕೂಗಿ ಕರೆಯಲಾರ. ನೀನೇ ಅವನನ್ನು ಹುಡುಕಿಕೊಂಡು ಹೋಗಬೇಕು.

ಅಕ್ಕ
(ಮರೆತು ಬರೆದದ್ದಲ್ಲ)